‘ರೋಮಿಯೋ, ನೀನು ಯಾಕೆ ರೋಮಿಯೋ?’

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರ ಇದೇ ವೇದಿಕೆಯಲ್ಲಿ ನಮ್ಮ ಹುಡುಗರು ‘ರೋಮಿಯೋ ಅಂಡ್ ಜೂಲಿಯೆಟ್’ ಆಡುತ್ತಿದ್ದಾರೆ. ಅದಕ್ಕೆ ಮುಂಚೆ ಪಾತ್ರಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಸಾರ್ ಎಂದು ಕರೆದರು. ಕಥೆ ನಿಮಗೆಲ್ಲ ಗೊತ್ತಿದೆ: ವೆರೋನಾದ ಎರಡು ಹಗೆಯ ಮನೆಗಳ ಮಕ್ಕಳು ಗುಟ್ಟಾಗಿ ಮದುವೆಯಾಗುತ್ತಾರೆ, ಬೀದಿ ಜಗಳದಲ್ಲಿ ಟಿಬಾಲ್ಟ್‌ನನ್ನು ಕೊಂದ ರೋಮಿಯೋ ಮಾಂಟುವಾ ಅನ್ನುವ ಊರಿಗೆ ಗಡಿಪಾರಾಗುತ್ತಾನೆ, ಜೂಲಿಯೆಟ್ ಪಾದ್ರಿ ಕೊಟ್ಟ ಔಷಧಿ ಕುಡಿದು ಸತ್ತಂತೆ ಮಲಗುತ್ತಾಳೆ, ಅವಳು ನಿಜವಾಗಿ ಸತ್ತಳು ಅಂದುಕೊಂಡು ಅವನು ವಿಷ ಕುಡಿಯುತ್ತಾನೆ. ಅದನ್ನೇ ಮತ್ತೆ ಹೇಳುತ್ತಾ ಕೂತರೆ ನೀವು ಒಬ್ಬೊಬ್ಬರಾಗಿ ಕಾಫಿಗೆ ಎದ್ದು ಹೋಗುತ್ತೀರಿ. ಹಾಗಾಗಿ ಐದು ಪಾತ್ರ ಆರಿಸಿಕೊಂಡು ಬಂದಿದ್ದೇನೆ. ಎಲ್ಲವೂ ಮುಗಿಯುತ್ತದೆ ಅನ್ನುವ ನಂಬಿಕೆ ನನಗೇ ಇಲ್ಲ.

ನಿನ್ನೆ ಸಂಜೆ ತಾಲೀಮು ನೋಡಲು ಬಂದಿದ್ದೆ. ಎರಡನೇ ಅಂಕ ನಡೆಯುತ್ತಿತ್ತು. ಜೂಲಿಯೆಟ್ ಮಾಡುವ ಹುಡುಗಿ ಹಣೆಗೆ ಕೈ ಅಡ್ಡ ಹಿಡಿದು, ಕತ್ತಲಲ್ಲಿ ಕಳೆದುಹೋದ ಕರು ಹುಡುಕುವವಳ ಹಾಗೆ ಬಗ್ಗಿ ನೋಡುತ್ತಾ, ‘ರೋಮಿಯೋ, ರೋಮಿಯೋ, ಎಲ್ಲಿದ್ದೀಯಾ?’ ಅಂದಳು. ಹುಡುಗಿ ಚೆನ್ನಾಗಿಯೇ ಹೇಳಿದಳು, ತಪ್ಪು ಅವಳದಲ್ಲ. ಆದರೆ ಮೂಲದಲ್ಲಿರುವ ‘ವೇರ್‌ಫೋರ್’ ಅನ್ನುವ ಪದಕ್ಕೂ ‘ಎಲ್ಲಿ’ಗೂ ಸಂಬಂಧವೇ ಇಲ್ಲ. ‘ವೇರ್‌ಫೋರ್’ ಅಂದರೆ ‘ಯಾಕೆ’. ನೀನು ಯಾಕೆ ರೋಮಿಯೋ ಆದೆ? ಬೇರೆ ಯಾರ ಮನೆಯಲ್ಲಾದರೂ ಹುಟ್ಟಬಾರದಿತ್ತಾ? ಅವಳು ಕೇಳುತ್ತಿರುವುದು ಅದನ್ನು. ಎಲ್ಲಿ ಅಂತ ಹುಡುಕಿದರೆ ಅವಳು ಸುಮ್ನೆ ಮೋಹಕ್ಕೆ ಬಿದ್ದ ಹುಡುಗಿ. ಯಾಕೆ ಅಂತ ಕೇಳಿದಳೋ, ಹದಿನಾಲ್ಕು ತುಂಬದ ಆ ಹುಡುಗಿ ಇಡೀ ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದ ಹಾಗಾಯಿತು. (ಅಂದ ಹಾಗೆ, ನಾಟಕದಲ್ಲಿ ‘ಬಾಲ್ಕನಿ’ ಅನ್ನುವ ಪದ ಒಂದು ಕಡೆಯೂ ಇಲ್ಲ. ಇರುವುದು ಕಿಟಕಿ. ಬಾಲ್ಕನಿಗೆ ಅಂತ ಖರ್ಚು ಮಾಡಿದ್ದರೆ ಬಡಗಿಗೆ ಈಗಲೇ ಫೋನ್ ಮಾಡಿ.)

ಈ ‘ಯಾಕೆ’ ನನಗೂ ತಡವಾಗಿಯೇ ತಲೆಗೆ ಹೋಗಿದ್ದು. ಅದರದ್ದೊಂದು ಕಥೆ ಇದೆ. ನನ್ನ ಹಳೇ ವಿದ್ಯಾರ್ಥಿಗಳು ಕೆಲವರು ಇಲ್ಲಿದ್ದಾರೆ, ಅವರು ಹತ್ತು ಸಲ ಕೇಳಿದ್ದಾರೆ. ಹನ್ನೊಂದನೇ ಸಲ ಸಹಿಸಿಕೊಳ್ಳಿ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸಣ್ಣ ಊರಿನ ಕಾಲೇಜು. ಈ ನಾಟಕ ಪಾಠ ಮಾಡುತ್ತಿದ್ದೆ. ಕೊನೆಯ ಅಂಕ ಮುಗಿಸಿ, ದನಿ ಸ್ವಲ್ಪ ಭಾರ ಮಾಡಿಕೊಂಡು, ‘ನೋಡಿ, ವಿಧಿ ಎಂಥದ್ದು’ ಅಂದೆ. ಆ ವಯಸ್ಸಿನಲ್ಲಿ ದನಿ ಭಾರ ಮಾಡಿಕೊಳ್ಳುವುದೇ ಪಾಠ ಅಂದುಕೊಂಡಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ‘ಸಾರ್, ಅವಳು ಪಾದ್ರಿ ಹತ್ರ ಒಬ್ಬಳೇ ಹೋಗ್ತಾಳಲ್ವಾ? ಮನೆಯವರು ಬೇಡ ಅನ್ನಲಿಲ್ಲ, ಜೊತೆಗೆ ಯಾರೂ ಇಲ್ಲ. ಹಾಗೇ ಮುಂದೆ ಗಂಡ ಇರೋ ಊರಿಗೆ ಹೋಗಿಬಿಡಬಹುದಿತ್ತಲ್ಲ. ವಿಷ ಯಾಕೆ, ಸತ್ತ ಹಾಗೆ ನಾಟಕ ಯಾಕೆ?’

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಧೈರ್ಯವೂ ಇರಲಿಲ್ಲ. ‘ಮಾಂಟುವಾ ಬಹಳ ದೂರ ಅಲ್ವೇನಮ್ಮಾ’ ಅಂದುಬಿಟ್ಟೆ. ‘ಎಷ್ಟು ದೂರ ಸಾರ್?’ ಅಂದಳು. ಪುಣ್ಯಕ್ಕೆ ಗಂಟೆ ಹೊಡೆಯಿತು. ನೇರ ಲೈಬ್ರರಿಗೆ ಹೋಗಿ, ಧೂಳು ಕೊಡವಿ ಅಟ್ಲಾಸ್ ತೆಗೆದು, ದಾರ ಇಟ್ಟು ಅಳೆದೆ. ವೆರೋನಾದಿಂದ ಮಾಂಟುವಾಗೆ ಸುಮಾರು 40 ಕಿಲೋಮೀಟರ್. ಮಾರನೇ ದಿನ ತರಗತಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದೆ. ಅವಳು ಕೂತಲ್ಲಿಂದಲೇ, ‘ಅಷ್ಟೇನಾ ಸಾರ್? ನಾನು ದಿನಾ ಕಾಲೇಜಿಗೆ ಬಂದು ಹೋಗೋದು ಅದಕ್ಕಿಂತ ಜಾಸ್ತಿ’ ಅಂದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ಆವತ್ತಿನಿಂದ ಈ ನಾಟಕದ ಬಗ್ಗೆ ಮಾತಾಡುವಾಗ ನಾನು ವಿಧಿ ಅನ್ನುವ ಪದ ಬಳಸಿಲ್ಲ. ಬಳಸುವವರ ಜೊತೆ ಜಗಳಕ್ಕೆ ಹೋಗುತ್ತೇನೆ. ಶುರುವಿನಲ್ಲೇ ‘ನಕ್ಷತ್ರ ಕೂಡದ ಪ್ರೇಮಿಗಳು’ ಅಂತ ಶೇಕ್ಸ್‌ಪಿಯರ್‌ನೇ ಬರೆದಿದ್ದಾನಲ್ಲ ಅಂತ ನೀವು ಕೇಳಬಹುದು. ಬರೆದಿದ್ದಾನೆ. ಅದು 14 ಸಾಲಿನ ಮುನ್ನುಡಿ. ಆಮೇಲೆ ಐದು ಅಂಕ ಬರೆದಿದ್ದಾನೆ. ಜಾತಕ ಕೂಡಲಿಲ್ಲ ಅನ್ನುವುದೇ ವಿಷಯವಾಗಿದ್ದರೆ 14 ಸಾಲು ಸಾಕಿತ್ತು. ಉಳಿದದ್ದರಲ್ಲಿ ಪ್ರತಿಯೊಬ್ಬನೂ ತನ್ನ ಕಾರಣಕ್ಕೆ, ತನಗೆ ಸರಿ ಅನ್ನಿಸಿದ ಕಾರಣಕ್ಕೆ, ಏನೋ ಒಂದು ಮಾಡುತ್ತಾನೆ. ಆ ಕಾರಣಗಳನ್ನು ಹುಡುಕಿ ಅಂತಲೇ ನಾನು ಬಂದಿರುವುದು.

ಮೊದಲು ಜೂಲಿಯೆಟ್‌ಳ ಅಪ್ಪ, ಕ್ಯಾಪ್ಯುಲೆಟ್. ಈ ಪಾತ್ರ ಮಾಡುವವರು ಯಾರು? ಹಾಂ, ನೀವಾ. ನಿನ್ನೆ ಚೆನ್ನಾಗಿ ಕೂಗಾಡಿದಿರಿ. ಆದರೆ ಮೊದಲ ಅಂಕದಿಂದಲೇ ಕೂಗಾಡುತ್ತಿದ್ದಿರಿ. ಮೊದಲ ಅಂಕದಲ್ಲಿ ಈ ಮನುಷ್ಯ ಎಷ್ಟು ಒಳ್ಳೆಯವನು ನೋಡಿ. ಪ್ಯಾರಿಸ್ ಅನ್ನುವ ದೊಡ್ಡ ಮನೆತನದ ಹುಡುಗ ಹೆಣ್ಣು ಕೇಳಲು ಬಂದಾಗ, ಮಗು ಇನ್ನೂ ಚಿಕ್ಕದು, ಇನ್ನೆರಡು ಬೇಸಿಗೆ ಕಳೆಯಲಿ ಅನ್ನುತ್ತಾನೆ. ಅವಳ ಮನಸ್ಸು ಗೆಲ್ಲು, ಅವಳು ಒಪ್ಪಿದರೆ ನನ್ನದೂ ಒಪ್ಪಿಗೆ ಅನ್ನುತ್ತಾನೆ. ಔತಣಕ್ಕೆ ಶತ್ರುವಿನ ಮಗ ಕದ್ದು ಬಂದಿದ್ದಾನೆ ಅಂತ ಹೆಂಡತಿಯ ಸೋದರನ ಮಗ ಟಿಬಾಲ್ಟ್ ಕುದಿಯುವಾಗ, ಇರಲಿ ಬಿಡು, ಊರೆಲ್ಲ ಒಳ್ಳೇ ಹುಡುಗ ಅನ್ನುತ್ತದೆ ಅನ್ನುತ್ತಾನೆ. ಇದು ಭಾನುವಾರ ರಾತ್ರಿ.

ಸೋಮವಾರ ರಾತ್ರಿ ಇದೇ ಮನುಷ್ಯ ಮಗಳನ್ನು ಒಂದು ಮಾತೂ ಕೇಳದೆ ಗುರುವಾರ ಮದುವೆ ಅಂತ ದಿನ ಇಡುತ್ತಾನೆ. ಒಂದೇ ದಿನದಲ್ಲಿ ಏನಾಯಿತು?

ಟಿಬಾಲ್ಟ್ ಸತ್ತ, ಆ ದುಃಖ ಅಂತ ನೋಟ್ಸ್‌ನಲ್ಲಿ ಬರೆಸುತ್ತೇವೆ. ನಾನೂ ಬರೆಸಿದ್ದೇನೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಬೀದಿಯಲ್ಲಿ ಸತ್ತ ಇನ್ನೊಬ್ಬನನ್ನು ನೋಡಿ. ಮರ್ಕ್ಯೂಷಿಯೋ ಯಾರು? ರೋಮಿಯೋನ ಗೆಳೆಯ, ಸರಿ. ಅದಕ್ಕಿಂತ ಮುಖ್ಯ, ಊರಿನ ದೊರೆಯ ಸಂಬಂಧಿಕ. ನಿಮ್ಮ ಜಗಳದಲ್ಲಿ ನನ್ನ ರಕ್ತ ಹರಿದಿದೆ ಅಂತ ದೊರೆ ಎಲ್ಲರ ಎದುರು ಹೇಳುತ್ತಾನೆ. ಕೊಂದವನು ಯಾರ ಮನೆಯವನು? ಕ್ಯಾಪ್ಯುಲೆಟ್ ಮನೆಯವನು. ಈಗ ಪ್ಯಾರಿಸ್ ಯಾರು? ಅವನೂ ದೊರೆಯ ಸಂಬಂಧಿಕನೇ! ಮಧ್ಯಾಹ್ನ ದೊರೆಯ ಮನೆಯ ಒಬ್ಬ ಹುಡುಗನನ್ನು ಇವರ ಮನೆ ಕಳೆದಿದೆ. ರಾತ್ರಿ ದೊರೆಯ ಮನೆಯ ಇನ್ನೊಬ್ಬ ಹುಡುಗನಿಗೆ ಇವರ ಮಗಳನ್ನು ಕೊಡುವ ಮಾತು. ಶೇಕ್ಸ್‌ಪಿಯರ್ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಸಿಲ್ಲ, ಇದು ನನ್ನ ಓದು. ಆದರೆ ನಮ್ಮಲ್ಲಿ ಆಸ್ತಿ, ಮನೆತನ, ಕೋರ್ಟು ಕಚೇರಿ ನೋಡಿದ ಯಾವ ಹಿರಿಯರಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ನೀವು ತಲೆ ಆಡಿಸುತ್ತಿದ್ದೀರಿ, ನೋಡಿ.

ಇಷ್ಟರಿಂದ ಅವನು ದುಷ್ಟನಾಗುವುದಿಲ್ಲ. ಭೂಮಿ ನನ್ನ ಎಲ್ಲ ಆಸೆಗಳನ್ನು ನುಂಗಿತು, ಇವಳೊಬ್ಬಳು ಉಳಿದಳು ಅಂತ ಮೊದಲೇ ಹೇಳಿದ್ದಾನೆ. ಇವಳಿಗೊಂದು ಗಟ್ಟಿ ನೆಲೆ ಮಾಡಿಬಿಡಬೇಕು. ಆ ನೆಲೆಯನ್ನು ಮಗಳೇ ಬೇಡ ಅಂದಾಗ ಭಯ ಕೋಪವಾಗುತ್ತದೆ. ಬೀದಿಯಲ್ಲಿ ಸಾಯಿ ಅನ್ನುತ್ತಾನೆ, ಕೈ ಕಡಿಯುತ್ತಿದೆ ಅನ್ನುತ್ತಾನೆ. ಆ ದೃಶ್ಯದಲ್ಲಿ ಹೆದರಿದವನ ದನಿ ಬೇಕು ಸಾರ್.

ಇನ್ನೊಂದು ವಿಷಯ, ಇದು ನನಗೆ ಬಹಳ ಇಷ್ಟ. ಟಿಬಾಲ್ಟ್ ಸತ್ತು ಇನ್ನೂ ದಿನ ಆಗಿಲ್ಲ, ಐದಾರು ಜನರನ್ನು ಕರೆದು ಸರಳವಾಗಿ ಮಾಡೋಣ ಅಂದಿರುತ್ತಾನೆ. ಮಗಳು ಪಾದ್ರಿ ಹತ್ತಿರ ಹೋಗಿ ಇನ್ನೂ ವಾಪಸ್ ಬಂದಿಲ್ಲ, ಆಗಲೇ 20 ಜನ ಅಡಿಗೆಯವರನ್ನು ಕರೆದುಕೊಂಡು ಬಾ ಅನ್ನುತ್ತಾನೆ! ಅವಳು ಬಂದು, ತಪ್ಪಾಯಿತು ಅಂತ ಕಾಲಿಗೆ ಬಿದ್ದ ಮೇಲಂತೂ ಹಿಡಿಯುವವರಿಲ್ಲ. ನೀವೆಲ್ಲ ಮಲಗಿ, ಈ ರಾತ್ರಿ ಮನೆಯ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಅಂತ ಓಡಾಡುತ್ತಾನೆ. ನಮ್ಮ ಮದುವೆ ಮನೆಗಳಲ್ಲಿ ಪಂಚೆ ಮೇಲೆ ಕಟ್ಟಿಕೊಂಡು, ಯಾರಿಗೂ ಬೇಡವಾದ ಸಲಹೆ ಕೊಡುತ್ತಾ ಅಡಿಗೆ ಮನೆಗೂ ಚಪ್ಪರಕ್ಕೂ ತಿರುಗುವ ಹೆಣ್ಣಿನ ತಂದೆ ಇರುತ್ತಾರಲ್ಲ, ಥೇಟ್ ಹಾಗೇ. ಆ ಖುಷಿಯಲ್ಲೇ ಮದುವೆಯನ್ನು ಒಂದು ದಿನ ಹಿಂದಕ್ಕೆ, ಬುಧವಾರಕ್ಕೆ ತರುತ್ತಾನೆ.

ಅಲ್ಲಿಗೆ ಜೂಲಿಯೆಟ್ ಒಂದು ರಾತ್ರಿ ಮುಂಚೆಯೇ ಆ ಔಷಧಿ ಕುಡಿಯಬೇಕಾಯಿತು. 42 ಗಂಟೆ ಸತ್ತಂತೆ ಮಲಗಿಸುವ ಔಷಧಿ. ರೋಮಿಯೋಗೆ ಕಾಗದ ತಲುಪಿಸಲು ಇದ್ದ ಸಮಯದಲ್ಲಿ ಒಂದು ದಿನ ಹೋಯಿತು. ಕಾಗದ ಒಯ್ಯುತ್ತಿದ್ದ ಇನ್ನೊಬ್ಬ ಪಾದ್ರಿಯನ್ನು ಪ್ಲೇಗಿನ ಅನುಮಾನದ ಮೇಲೆ ಒಂದು ಮನೆಯೊಳಗೆ ಹಾಕಿ ಬಾಗಿಲಿಗೆ ಸೀಲ್ ಮಾಡಿಬಿಡುತ್ತಾರೆ. ಕೊರೋನಾ ಕಾಲದಲ್ಲಿ ನಮ್ಮ ಬೀದಿಗಳಲ್ಲೂ ತಗಡು ಹೊಡೆದಿದ್ದರು, ನೆನಪಿದೆಯಲ್ಲ. ಪ್ಲೇಗನ್ನು ನೀವು ವಿಧಿ ಅನ್ನಿ, ನಾನು ಜಗಳ ಆಡುವುದಿಲ್ಲ. ಆದರೆ ಇನ್ನೊಂದು ದಿನ ಕೈಯಲ್ಲಿದ್ದಿದ್ದರೆ ಇನ್ನೊಬ್ಬರ ಕೈಲಿ ಕಳಿಸಬಹುದಿತ್ತೇನೋ. ಆ ದಿನವನ್ನು ತಿಂದದ್ದು ನಕ್ಷತ್ರ ಅಲ್ಲ, ಅಪ್ಪನ ಸಂಭ್ರಮ.

ಶೇಕ್ಸ್‌ಪಿಯರ್ ಇದನ್ನು ಬೇಕೆಂದೇ ಮಾಡಿದ್ದು. ಅವನು ಕಥೆ ತೆಗೆದುಕೊಂಡದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಉದ್ದನೆಯ ಕಾವ್ಯದಿಂದ. ಅಲ್ಲಿ ಈ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ಇವನು ಅದನ್ನು ಒಂದು ವಾರದೊಳಗೆ ತುರುಕಿದ. ಹುಡುಗಿಯ ವಯಸ್ಸನ್ನೂ 16ರಿಂದ 13ಕ್ಕೆ ಇಳಿಸಿದ. ಯಾರಿಗೂ ಕೂತು ಯೋಚಿಸಲು ಪುರುಸೊತ್ತು ಕೊಡಲಿಲ್ಲ.

ಈಗ ಪಾದ್ರಿ ಲಾರೆನ್ಸ್. ಹಿಂದಿನ ಬೆಂಚಿನ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಇವನಲ್ಲಿ.

ರೋಮಿಯೋ ಬೆಳಗಾಗುತ್ತಲೇ ಬಂದು ಮದುವೆ ಮಾಡಿಸಿ ಅಂದಾಗ ಪಾದ್ರಿ ಮೊದಲು ಬೈಯುತ್ತಾನೆ. ನಿನ್ನೆವರೆಗೂ ರೋಸಲೀನ್ ರೋಸಲೀನ್ ಅಂತ ಅಳುತ್ತಿದ್ದೆಯಲ್ಲಪ್ಪಾ, ಆ ಕಣ್ಣೀರಿನ ಕಲೆ ಇನ್ನೂ ನಿನ್ನ ಕೆನ್ನೆ ಮೇಲಿದೆ ಅನ್ನುತ್ತಾನೆ. (ಹದಿನೆಂಟನೇ ಶತಮಾನದಲ್ಲಿ ಗ್ಯಾರಿಕ್ ಅನ್ನುವ ದೊಡ್ಡ ನಟ ಈ ರೋಸಲೀನ್‌ಳನ್ನೇ ನಾಟಕದಿಂದ ಕಿತ್ತುಹಾಕಿದ. ನಾಯಕ ಎರಡು ಹುಡುಗಿಯರನ್ನು ಪ್ರೀತಿಸುವುದು ಆಗಿನ ಪ್ರೇಕ್ಷಕರಿಗೆ ಸರಿ ಬರುತ್ತಿರಲಿಲ್ಲ. ನಮ್ಮ ನಿರ್ದೇಶಕರು ಉಳಿಸಿಕೊಂಡಿದ್ದಾರೆ, ಸಂತೋಷ.) ಇಷ್ಟು ಅನುಮಾನ ಇದ್ದವನು ಮದುವೆ ಮಾಡಿಸುವುದು ಯಾಕೆ? ಅವನೇ ಹೇಳುತ್ತಾನೆ: ಈ ಸಂಬಂಧದಿಂದ ಎರಡು ಮನೆಗಳ ದ್ವೇಷ ಪ್ರೀತಿಯಾಗಬಹುದು. ಅವನಿಗೆ ಬೇಕಾದದ್ದು ಊರಿನ ಶಾಂತಿ. ಅದು ದೊಡ್ಡ ಆಸೆ, ಒಳ್ಳೆಯ ಆಸೆ. ಆದರೆ ಆ ಆಸೆಗೆ ಈ ಮಕ್ಕಳು ಬಂಡವಾಳ.

ಈಗ ಹೇಳಿ, ಹುಡುಗಿಯನ್ನು ಸುಮ್ನೆ ಮಾಂಟುವಾಗೆ ಯಾಕೆ ಕಳಿಸಲಿಲ್ಲ? ಕಳಿಸಿದ್ದರೆ ಅದು ಓಡಿಹೋದ ಮದುವೆ. ಎರಡು ಮನೆಯವರೂ ಕತ್ತಿ ಹಿಡಿದು ನಿಲ್ಲುತ್ತಾರೆ, ಮದುವೆ ಮಾಡಿಸಿದವನು ಯಾರು ಅಂತ ಕೇಳುತ್ತಾರೆ. ಸತ್ತಳು ಅಂತ ಅತ್ತು ಸುಸ್ತಾದ ಅಪ್ಪನ ಮುಂದೆ ಮಗಳು ಎದ್ದು ಬಂದರೆ ಎಲ್ಲ ಕ್ಷಮಿಸಿಬಿಡುತ್ತಾನೆ. ಪಾದ್ರಿಯ ತಲೆಯಲ್ಲಿ ಇಂಥದ್ದೊಂದು ಲೆಕ್ಕ ಇತ್ತು ಅಂತ ನಾನು ಓದುತ್ತೇನೆ. ಜೊತೆಗೆ ಭಯ. ಕೊನೆಗೆ ಸಮಾಧಿಯೊಳಗೆ ಜೂಲಿಯೆಟ್ ಕಣ್ಣು ಬಿಟ್ಟಾಗ, ಪಕ್ಕದಲ್ಲಿ ರೋಮಿಯೋ ಸತ್ತು ಬಿದ್ದಿರುವಾಗ, ಹೊರಗೆ ಕಾವಲುಗಾರರ ಸದ್ದು ಕೇಳಿ ಈ ಒಳ್ಳೆಯ ಮನುಷ್ಯ ಇನ್ನು ನಿಲ್ಲಲಾರೆ ಅಂತ ಹೊರಟುಬಿಡುತ್ತಾನೆ. ಹದಿಮೂರು ವರ್ಷದ ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು. ಅಲ್ಲಿ ಕಠಾರಿಯೂ ಇತ್ತು.

ಚೀಟಿ ಬಂತು. ‘ಹತ್ತು ನಿಮಿಷ’ ಅಂತ ಬರೆದಿದ್ದಾರೆ. ಇನ್ನೂ ಮೂರು ಪಾತ್ರ ಇದೆ. ಓಡೋಣ.

ಜೂಲಿಯೆಟ್‌ಳನ್ನು ಸಾಕಿದ ದಾದಿ. ಇವಳನ್ನು ಎಲ್ಲರೂ ನಗಿಸಲು ಮಾತ್ರ ಬಳಸುತ್ತಾರೆ. ಅವಳಿಗೂ ಒಬ್ಬ ಮಗಳಿದ್ದಳು, ಸೂಸನ್, ಜೂಲಿಯೆಟ್ ವಯಸ್ಸಿನವಳೇ, ತೀರಿಕೊಂಡಳು. ಹರಟೆಯ ನಡುವೆ ಒಂದೂವರೆ ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ಅಲ್ಲಿ ಒಂದು ಉಸಿರು ನಿಲ್ಲಿಸಮ್ಮಾ. ಇದೇ ದಾದಿ ಮೂರನೇ ಅಂಕದಲ್ಲಿ, ರೋಮಿಯೋನನ್ನು ಮರೆತು ಪ್ಯಾರಿಸ್‌ನನ್ನು ಮದುವೆಯಾಗು ಅನ್ನುತ್ತಾಳೆ. ದ್ರೋಹ ಅನ್ನುತ್ತೇವೆ. ಆದರೆ ಅವಳು ಆ ಮನೆಯ ಅನ್ನ ತಿನ್ನುವವಳು. ಒಂದು ನಿಮಿಷದ ಹಿಂದೆ ಯಜಮಾನ ಬಾಯಿ ಮುಚ್ಚು ಅಂದು ಹೋಗಿದ್ದಾನೆ. ಒಬ್ಬ ಮಗಳು ಹೋಗಿದ್ದಾಳೆ, ಇವಳಾದರೂ ಬದುಕಿರಲಿ, ಯಾರ ಮನೆಯಲ್ಲಾದರೂ ಸರಿ. ಅಷ್ಟೇ ಅವಳ ತರ್ಕ.

ರೋಮಿಯೋ. ಹೆಂಡತಿ ಸತ್ತ ಸುದ್ದಿ ಬಂದಾಗ ಆಳನ್ನು ಎರಡು ಸಲ ಕೇಳುತ್ತಾನೆ: ಪಾದ್ರಿಯಿಂದ ಕಾಗದ ಇಲ್ಲವಾ? ಎರಡು ಸಲ. ಎಲ್ಲೋ ಒಳಗೆ ಅನುಮಾನ ಇದೆ. ಇಲ್ಲ ಅಂದ ಕೂಡಲೇ, ಹೋಗಲಿ ಬಿಡು ಅನ್ನುತ್ತಾನೆ. ಎರಡನೇ ಸಲ ಕೇಳುವಾಗ ಉತ್ತರಕ್ಕೆ ಕಾಯಬೇಕು ಕಣಪ್ಪಾ, ನಿನ್ನೆ ನೀನು ಕಾಯಲಿಲ್ಲ. ಟಿಬಾಲ್ಟ್‌ನನ್ನು ಕೊಂದದ್ದರ ಬಗ್ಗೆ, ಗೆಳೆಯರ ಮುಂದೆ ಹೇಡಿ ಅನ್ನಿಸಿಕೊಳ್ಳುವ ನಾಚಿಕೆ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ. ಅದು ಜೇಬಲ್ಲೇ ಇರಲಿ.

ಇಷ್ಟೆಲ್ಲ ಕಾರಣ ಕೊಟ್ಟ ಶೇಕ್ಸ್‌ಪಿಯರ್ ಒಂದಕ್ಕೆ ಮಾತ್ರ ಕೊಡಲಿಲ್ಲ, ಗಮನಿಸಿದ್ದೀರಾ? ಆ ಎರಡು ಮನೆಗಳಿಗೆ ದ್ವೇಷ ಯಾಕೆ? ಹಳೇ ಹಗೆ ಅಂತಷ್ಟೇ ಇದೆ. ನೀರಿಗೋ ಬೇಲಿಗೋ ಯಾರಿಗೂ ನೆನಪಿಲ್ಲ.

ಮತ್ತೆ ಚೀಟಿ. ಆಯ್ತು, ಮುಗಿಸುತ್ತೇನೆ. ಮಾಂಟುವಾದಲ್ಲಿ ವಿಷ ಮಾರುವ ಔಷಧಿ ಅಂಗಡಿಯವನ ಪಾತ್ರ ಯಾರದು? ಕೈ ಎತ್ತಪ್ಪಾ. ಹಿಂದೆ ಕೂತಿದ್ದೀಯಾ. ನಾಲ್ಕೈದು ಮಾತಿನ ಪಾತ್ರ ಅಂತ ಬೇಜಾರಾ? ನಿನ್ನ ಅಂಗಡಿಯಲ್ಲಿ ಇರುವುದು ಒಂದು ಆಮೆ, ಒಣಗಿದ ಮೊಸಳೆ, ಖಾಲಿ ಡಬ್ಬಿಗಳು. ವಿಷ ಮಾರಿದರೆ ಆ ಊರಲ್ಲಿ ಮರಣದಂಡನೆ. ರೋಮಿಯೋ 40 ಚಿನ್ನದ ನಾಣ್ಯ ಮುಂದೆ ಹಿಡಿಯುತ್ತಾನೆ. ನೀನು ಹೇಳುವ ಮಾತು ಯಾವುದು? ‘ಒಪ್ಪುತ್ತಿರುವುದು ನನ್ನ ಬಡತನ, ನನ್ನ ಮನಸ್ಸಲ್ಲ.’ ತಾನು ಯಾಕೆ ಹೀಗೆ ಮಾಡುತ್ತಿದ್ದೇನೆ ಅಂತ ಅಷ್ಟು ಸರಿಯಾಗಿ ಗೊತ್ತಿರುವವನು ಈ ನಾಟಕದಲ್ಲಿ ನೀನೊಬ್ಬನೇ. ನಿನ್ನೆ ಆ ಸಾಲನ್ನು ನೀನು ನೆಲ ನೋಡಿಕೊಂಡು ಹೇಳಿದೆ. ಮುಂದಿನ ವಾರ ಅವನ ಮುಖ ನೋಡಿ ಹೇಳು. ಆಮೇಲೆ ದುಡ್ಡು ತಗೋ.