ಮನೆ ಹತ್ತಿರದ ಟಾಕೀಸು

ಕೇಳುಗರೇ, ನಮಸ್ಕಾರ.

1930ರ ದಶಕದ ಅಮೆರಿಕದಲ್ಲಿ ಪಿಕ್ಚರ್ ನೋಡಲು ಹೊರಟವರು ಆಟ ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದುದೇ ಕಡಿಮೆ. ಊಟ ಮುಗಿಯಿತು, ಪಾತ್ರೆ ತೊಳೆದಾಯಿತು, ಹೊರಟರು. ಟಿಕೆಟ್ ಕೊಂಡು ಒಳಗೆ ಹೋದರೆ ಕತೆ ಅರ್ಧ ಓಡಿರುತ್ತಿತ್ತು. ನಾಯಕ ಜೈಲಿನಲ್ಲಿ, ನಾಯಕಿ ಅಳುತ್ತಿದ್ದಾಳೆ. ಯಾಕೋ ಏನೋ, ಸೀಟು ಹುಡುಕಿ ಕೂತರು. ಆ ಚಿತ್ರ ಮುಗಿದ ಮೇಲೆ ಸುದ್ದಿಚಿತ್ರ, ಒಂದು ಕಾರ್ಟೂನು, ಮುಂದೆ ಬರುವ ಚಿತ್ರಗಳ ತುಣುಕು, ಆಮೇಲೆ ಎರಡನೇ ಚಿತ್ರ. ಅದೂ ಮುಗಿದರೆ ಮೊದಲನೆಯದು ಮತ್ತೆ ಶುರು. ತಾವು ಒಳಗೆ ಬಂದಾಗ ನಡೆಯುತ್ತಿದ್ದ ದೃಶ್ಯ ಬಂದ ಕೂಡಲೇ ಎದ್ದು ಮನೆಗೆ. ಈ ರೂಢಿ ಬಹಳ ಕಾಲ ಉಳಿಯಿತು. 1960ರಲ್ಲಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ತಮ್ಮ ‘ಸೈಕೋ’ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಹಟ ಹಿಡಿದಾಗ, ಅದೇ ಒಂದು ದೊಡ್ಡ ಸುದ್ದಿಯಾಯಿತು.

ಇದು ನ್ಯೂಯಾರ್ಕಿನ ಅರಮನೆಯಂಥ ಥಿಯೇಟರುಗಳ ಮಾತಲ್ಲ. ಮನೆಯಿಂದ ನಡೆದೇ ಹೋಗಬಹುದಾದ ಬಡಾವಣೆಯ ಟಾಕೀಸಿನ ಮಾತು. ಹೊಸ ಚಿತ್ರ ಮೊದಲು ನಗರದ ನಡುವಿನ ದೊಡ್ಡ ಥಿಯೇಟರಿಗೆ ಬರುತ್ತಿತ್ತು. ಅಲ್ಲಿ ಓಡಿ ಮುಗಿದ ಮೇಲೆ ಕೆಲವು ವಾರ ಎಲ್ಲೂ ತೋರಿಸುವಂತಿಲ್ಲ. ಆಮೇಲೆ ಎರಡನೇ ಸುತ್ತು, ಮೂರನೇ ಸುತ್ತು. ಬಡಾವಣೆಗೆ ಬರುವ ಹೊತ್ತಿಗೆ ರೀಲಿನ ಮೇಲೆ ಗೀರು ಬಿದ್ದಿರುತ್ತಿತ್ತು. ಟಿಕೆಟ್ ದರವೂ ಅಷ್ಟೇ ಇಳಿದಿರುತ್ತಿತ್ತು. ಆಗ ದೇಶದಲ್ಲಿ ಟಿಕೆಟ್ಟಿನ ಸರಾಸರಿ ಬೆಲೆ 25 ಸೆಂಟಿನ ಆಸುಪಾಸು. ಮಕ್ಕಳಿಗೆ ಎಷ್ಟೋ ಕಡೆ 10 ಸೆಂಟು.

ಈ ಸುತ್ತುಗಳ ಲೆಕ್ಕ ಬರೆದವರು ಹಾಲಿವುಡ್ಡಿನ ಕಂಪನಿಗಳು. ಪ್ಯಾರಾಮೌಂಟ್, ಎಂಜಿಎಂನ ಒಡೆಯರಾದ ಲೋವ್ಸ್, ವಾರ್ನರ್, ಫಾಕ್ಸ್, ಆರ್‌ಕೆಓ. ಚಿತ್ರ ತೆಗೆಯುವವರೂ ಅವರೇ, ಹಂಚುವವರೂ ಅವರೇ, ದೊಡ್ಡ ಥಿಯೇಟರುಗಳ ಮಾಲೀಕರೂ ಅವರೇ. ಸ್ವಂತ ಟಾಕೀಸು ಇಟ್ಟುಕೊಂಡ ಸಣ್ಣವನಿಗೆ ದೊಡ್ಡ ತಾರೆ ಕ್ಲಾರ್ಕ್ ಗೇಬಲ್ ಇರುವ ಒಂದು ಚಿತ್ರ ಬೇಕು ಅಂದರೆ ಅದರ ಜೊತೆ ಒಂದು ಹೊರೆ ಚಿತ್ರಗಳನ್ನು ಹೊರಿಸುತ್ತಿದ್ದರು. ಅವುಗಳಲ್ಲಿ ಎಷ್ಟೋ ಇನ್ನೂ ತಯಾರೇ ಆಗಿರುತ್ತಿರಲಿಲ್ಲ. ಹೀಗಾಗಿ ಪರದೆಯ ಮೇಲೆ ಏನು ಬರಬೇಕು ಎಂಬುದು ಅವನ ಕೈಯಲ್ಲಿ ಇರಲಿಲ್ಲ. ಅವನ ಕೈಯಲ್ಲಿ ಇದ್ದದ್ದು ಆ ಹಾಲು, ಆ ಬಾಗಿಲು, ಬಂದು ಹೋಗುವ ಅಕ್ಕಪಕ್ಕದ ಜನ. ಅಷ್ಟರಲ್ಲೇ ಅವನು ಮಾಡಿದ್ದು ನೋಡಿ, ನನಗೆ ನಿಜಕ್ಕೂ ಗೌರವ ಹುಟ್ಟುತ್ತದೆ.

1929ರಲ್ಲಿ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಸಿನಿಮಾಕ್ಕೆ ಯಾರು ಬರುತ್ತಾರೆ? ಆಗ ಶುರುವಾಯಿತು ಪಿಂಗಾಣಿ ಹಂಚುವ ರಾತ್ರಿ. ಸೋಮವಾರವೋ ಮಂಗಳವಾರವೋ, ಜನ ಕಡಿಮೆ ಇರುವ ದಿನ ನೋಡಿ, ಟಿಕೆಟ್ ಕೊಂಡ ಹೆಂಗಸರಿಗೆ ಒಂದು ಪಾತ್ರೆ ಬಿಟ್ಟಿ. ಈ ವಾರ ಕಪ್ಪು, ಮುಂದಿನ ವಾರ ಸಾಸರು, ಅದರಾಚೆ ತಟ್ಟೆ. ಸೆಟ್ಟು ಪೂರ್ತಿ ಆಗಬೇಕಾದರೆ ಒಂದು ವಾರವೂ ತಪ್ಪಿಸುವಂತಿಲ್ಲ! ಕತ್ತಲಲ್ಲಿ ಯಾರದೋ ಮಡಿಲಿಂದ ತಟ್ಟೆ ಜಾರಿ ಬಿದ್ದು ಚೂರಾಗುವ ಸದ್ದು ಆ ಕಾಲದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲಸ ಹೋದ ಮನೆಯಲ್ಲಿ ಹೊಸ ತಟ್ಟೆ ಎಂದರೆ ಸಣ್ಣ ಮಾತಲ್ಲ, ಅಲ್ವಾ? ಆ ಮನೆಗಳ ಊಟದ ಮೇಜಿಗೆ ಟಾಕೀಸು ತಲುಪಿತ್ತು.

ಕೊಲರಾಡೋದ ಚಾರ್ಲ್ಸ್ ಯೇಗರ್ ಎಂಬವರು ಇನ್ನೊಂದು ಉಪಾಯ ಹೂಡಿದರು. ಬ್ಯಾಂಕ್ ನೈಟ್ ಎಂದು ಅದರ ಹೆಸರು. ಟಾಕೀಸಿನ ಪುಸ್ತಕದಲ್ಲಿ ಹೆಸರು ಬರೆಸಿದವರಿಗೆಲ್ಲ ವಾರಕ್ಕೊಮ್ಮೆ ಹಣದ ಬಹುಮಾನಕ್ಕೆ ಚೀಟಿ ಎತ್ತುವುದು. ಹೆಸರು ಬಂದವರು ಕೆಲವೇ ನಿಮಿಷಗಳಲ್ಲಿ ವೇದಿಕೆಗೆ ಬರಬೇಕು. ಬರದಿದ್ದರೆ ಆ ಹಣ ಮುಂದಿನ ವಾರದ ಹಣಕ್ಕೆ ಸೇರುತ್ತದೆ. ಲಾಟರಿ ಕಾನೂನಿಗೆ ಸಿಕ್ಕಿಬೀಳಬಾರದು ಎಂದು, ಟಿಕೆಟ್ ಕೊಳ್ಳಲೇಬೇಕು ಎಂಬ ನಿಯಮ ಇಡಲಿಲ್ಲ. ಹೊರಗೆ ಬೀದಿಯಲ್ಲಿ ನಿಂತೂ ಕಾಯಬಹುದು. ಆದರೆ ಬಹಳ ಜನ ಒಳಗೇ ಕೂತು ಕಾದರು.

ಪಾಪ್‌ಕಾರ್ನ್ ಬಂದದ್ದೂ ಇದೇ ಕಷ್ಟಕಾಲದಲ್ಲಿ. ಮೊದಮೊದಲು ದೊಡ್ಡ ಥಿಯೇಟರಿನವರು ಅದನ್ನು ಒಳಗೇ ಬಿಡುತ್ತಿರಲಿಲ್ಲ. ಕಾರ್ಪೆಟ್ಟಿನ ಮೇಲೆ ಚೆಲ್ಲುತ್ತದೆ, ತಿನ್ನುವ ಸದ್ದು ಬೇರೆ. ಆದರೆ 5 ಸೆಂಟಿನ ಪೊಟ್ಟಣದಲ್ಲಿ ಎಷ್ಟು ಲಾಭ ಉಳಿಯುತ್ತದೆ ಎಂದು ಸಣ್ಣ ಟಾಕೀಸಿನವರು ಕಂಡುಕೊಂಡರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಬಂದು ಮಿಠಾಯಿ ಕಮ್ಮಿಯಾದಾಗ ಪಾಪ್‌ಕಾರ್ನ್ ಗಟ್ಟಿಯಾಗಿ ನೆಲೆಯೂರಿತು. ಇವತ್ತು ನಮ್ಮೂರ ಮಾಲಿನಲ್ಲಿ ಕೈತುಂಬ ದುಡ್ಡು ಕೊಟ್ಟು ತಿನ್ನುವ ಪಾಪ್‌ಕಾರ್ನಿನ ಮೂಲ ಇದು.

ಶನಿವಾರ ಮಧ್ಯಾಹ್ನ ಮಕ್ಕಳದ್ದು. ‘ಫ್ಲಾಶ್ ಗಾರ್ಡನ್’ ಥರದ ಧಾರಾವಾಹಿ ಚಿತ್ರಗಳು ವಾರಕ್ಕೊಂದು ಕಂತಿನಂತೆ ಬರುತ್ತಿದ್ದವು. ಪ್ರತಿ ಕಂತೂ ನಾಯಕನ ಪ್ರಾಣ ಹೋಗುವಂಥ ಗಳಿಗೆಯಲ್ಲಿ ನಿಲ್ಲುತ್ತಿತ್ತು. 1942ರಲ್ಲಿ ಈ ಮಕ್ಕಳು ‘ಜಂಗಲ್ ಬುಕ್’ ನೋಡಿದರು. ಅದರ ಮೋಗ್ಲಿ ಯಾರು ಗೊತ್ತೇ? ನಮ್ಮ ಮೈಸೂರು ಸಂಸ್ಥಾನದ ಕಾರಾಪುರದ ಹುಡುಗ, ಮಾವುತನ ಮಗ ಸಾಬು. ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಿತ್ರಕ್ಕೆ ಮೈಸೂರಿನಲ್ಲೇ ಆಯ್ಕೆಯಾಗಿ, ಲಂಡನ್ನಿಗೆ ಹೋಗಿ, ಅಲ್ಲಿಂದ ಹಾಲಿವುಡ್ಡಿಗೆ ಹೋದವನು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಯುದ್ಧವನ್ನೂ ಮಾಡಿದ. ಕಬಿನಿ ಸೀಮೆಯ ಈ ಹುಡುಗನನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕಿತ್ತು ಎಂದು ನನಗನಿಸುತ್ತದೆ.

ಆದರೆ ಈ ಟಾಕೀಸು ಎಲ್ಲರಿಗೂ ಒಂದೇ ಬಾಗಿಲು ತೆರೆಯಲಿಲ್ಲ. ನಮ್ಮಲ್ಲಿ ಬಾಲ್ಕನಿ ಎಂದರೆ ಜಾಸ್ತಿ ದುಡ್ಡಿನ ಸೀಟು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಾಲ್ಕನಿ ಕರಿಯರಿಗೆ ಬಿಟ್ಟ ಜಾಗ. ಪಕ್ಕದ ಓಣಿಯಿಂದ ಬೇರೆ ಬಾಗಿಲು, ಬೇರೆ ಮೆಟ್ಟಿಲು. ಕೆಲವು ಟಾಕೀಸುಗಳಲ್ಲಿ ಅದೂ ಇಲ್ಲ. 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ‘ಗಾನ್ ವಿತ್ ದ ವಿಂಡ್’ ಬಿಡುಗಡೆಯ ಸಂಭ್ರಮ ನಡೆದಾಗ, ಅದರಲ್ಲೇ ನಟಿಸಿದ್ದ ಕರಿಯ ನಟಿ ಹ್ಯಾಟಿ ಮೆಕ್‌ಡೇನಿಯಲ್ ಅಲ್ಲಿಗೆ ಹೋಗುವಂತಿರಲಿಲ್ಲ. ಎರಡೇ ತಿಂಗಳ ಮೇಲೆ ಅದೇ ಪಾತ್ರಕ್ಕೆ ಆಕೆಗೆ ಆಸ್ಕರ್ ಬಂತು. ಹಾಲಿವುಡ್ಡಿನ ಸುವರ್ಣಯುಗ ಎಂದು ಹೊಗಳುವಾಗ ಆ ಓಣಿಯ ಮೆಟ್ಟಿಲನ್ನು ಮರೆತರೆ ಅದು ಸುಳ್ಳಾಗುತ್ತದೆ. ಕರಿಯ ಪ್ರೇಕ್ಷಕರಿಗೆಂದೇ ಬೇರೆ ಟಾಕೀಸುಗಳಿದ್ದವು. ಅವುಗಳಿಗಾಗಿ ಚಿತ್ರ ತೆಗೆದ ಆಸ್ಕರ್ ಮಿಶೋ ತನ್ನ ರೀಲುಗಳನ್ನು ತಾನೇ ಊರಿಂದೂರಿಗೆ ಒಯ್ದು ಮಾರುತ್ತಿದ್ದ.

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜನ ಹಿಂದೆಂದೂ ಇಲ್ಲದಷ್ಟು ಬಂದರು. ಸುಮಾರು 14 ಕೋಟಿ ಜನರ ದೇಶದಲ್ಲಿ ವಾರಕ್ಕೆ ಅಂದಾಜು 8ರಿಂದ 9 ಕೋಟಿ ಟಿಕೆಟ್ಟುಗಳು. 1948ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಚಿತ್ರದ ಜೊತೆ ಹೊರೆ ಚಿತ್ರಗಳನ್ನು ಹೊರಿಸುವ ಪದ್ಧತಿ ತಪ್ಪು ಎಂದಿತು. ಮುಂದೆ ದೊಡ್ಡ ಕಂಪನಿಗಳು ತಮ್ಮ ಥಿಯೇಟರುಗಳನ್ನೂ ಕಳಚಿಕೊಳ್ಳಬೇಕಾಯಿತು. ಸಣ್ಣವರು ವರ್ಷಗಟ್ಟಲೆ ಬೇಡಿದ್ದ ನ್ಯಾಯ ಅದು. ಆದರೆ ಸ್ವಂತ ಥಿಯೇಟರು ತುಂಬಿಸುವ ಗರಜು ಹೋದ ಮೇಲೆ ಕಂಪನಿಗಳು ತೆಗೆಯುವ ಚಿತ್ರಗಳ ಸಂಖ್ಯೆಯೂ ಇಳಿಯಿತು. ವಾರಕ್ಕೆ ಎರಡು ಮೂರು ಸಲ ಚಿತ್ರ ಬದಲಿಸಿ ಬದುಕುತ್ತಿದ್ದ ಬಡಾವಣೆಯ ಟಾಕೀಸಿಗೆ ಸರಕೇ ಸಿಗದಂತಾಯಿತು. ಅಷ್ಟರಲ್ಲಿ ಜನ ಊರಾಚೆಯ ಹೊಸ ಮನೆಗಳಿಗೆ ಹೋಗಿ ಟಿವಿ ಮುಂದೆ ಕೂತಿದ್ದರು. ಸಾವಿರಾರು ಟಾಕೀಸುಗಳು ಮುಚ್ಚಿದವು.

ಉಳಿದುಕೊಂಡ ಕೆಲವಕ್ಕೆ ಕೊನೆಯ ಪೆಟ್ಟು 2013ರ ಆಸುಪಾಸಿನಲ್ಲಿ ಬಿತ್ತು. ಕಂಪನಿಗಳು ರೀಲು ಕಳಿಸುವುದನ್ನು ನಿಲ್ಲಿಸತೊಡಗಿದವು. ಡಿಜಿಟಲ್ ಪ್ರೊಜೆಕ್ಟರ್ ಹಾಕಿ, ಇಲ್ಲವೇ ಬಾಗಿಲು ಹಾಕಿ ಎಂಬ ಪರಿಸ್ಥಿತಿ. ಹತ್ತಾರು ಸಾವಿರ ಡಾಲರಿನ ಖರ್ಚು. ಎಷ್ಟೋ ಸಣ್ಣ ಊರುಗಳಲ್ಲಿ ಜನ ಚಂದಾ ಎತ್ತಿ ಆ ಯಂತ್ರ ಕೊಂಡರು. ಕೆಲವು ಕಡೆ ಟಾಕೀಸನ್ನು ಈಗ ಊರವರೇ ಸಂಘ ಮಾಡಿಕೊಂಡು, ಸರದಿಯ ಮೇಲೆ ಟಿಕೆಟ್ ಕೊಟ್ಟು ನಡೆಸುತ್ತಿದ್ದಾರೆ.

ನಮಸ್ಕಾರ.