ಆ ಕಾರಿನ ತಾಯಿಪತ್ರ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಕಳೆದ ಶನಿವಾರ ನಮ್ಮ ಡೆಟ್ರಾಯಿಟ್ ಹತ್ತಿರದ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ, ಡ್ರೀಮ್ ಕ್ರೂಸ್, ಮುಗಿಯಿತು. ಪ್ರತಿ ಆಗಸ್ಟಿನಲ್ಲೂ ಅದು ಮುಗಿದ ಮಾರನೇ ದಿನವೇ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಲಿಂಕುಗಳು ಓಡಾಡುತ್ತವೆ. ‘ಈ ಷೆವೆಲ್ ನೋಡಿ, ಈ ಕಮಾರೋ ನೋಡಿ, ರೇಟು ಪರವಾಗಿಲ್ಲ ಅಲ್ವಾ?’ ಎರಡೂ ಷೆವರ್ಲೆ ಕಂಪನಿಯ ಹಳೆಯ ಕಾರುಗಳು. ಇವತ್ತಿನ ಮಾತು ಆ ಮಾರಾಟದ ಲಿಂಕುಗಳ ಬಗ್ಗೆಯೇ, ಅವುಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಅನ್ನುವ ಬಗ್ಗೆ. ಕಾರುಗಳ ಚರಿತ್ರೆ ನಿಮಗೆ ಗೊತ್ತು. ಫ್ಲಿಂಟ್, ಡಿಯರ್‌ಬಾರ್ನ್, ಹ್ಯಾಮ್‌ಟ್ರಾಮಿಕ್ ಎಲ್ಲ ನಾವು ದಿನಾ ಓಡಾಡುವ ಊರುಗಳು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಲ್ಲಿ ಒಂದು ಥರ್ಟಿ-ಫಾರ್ಟಿ ಸೈಟು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಕಾಂಪೌಂಡಿಗೆ ಹೊಡೆದ ಸುಣ್ಣ ನೋಡಿ ಅಡ್ವಾನ್ಸ್ ಕೊಡುತ್ತೇವಾ? ಇಲ್ಲ. ತಾಯಿಪತ್ರ ಕೇಳುತ್ತೇವೆ, ಇ.ಸಿ. ತೆಗೆಸುತ್ತೇವೆ, ಎ ಖಾತೆಯೋ ಬಿ ಖಾತೆಯೋ ಅಂತ ವಕೀಲರ ಹತ್ತಿರ ಓಡುತ್ತೇವೆ. ಅದೇ ನಾವು ಐವತ್ತೈದು ವರ್ಷ ಹಳೆಯ ಕಾರಿನ ಮುಂದೆ ಕೂತಾಗ ಬಣ್ಣ, ಪಟ್ಟೆ, ಬ್ಯಾಡ್ಜು ನೋಡಿ ಮನಸ್ಸು ಕೊಟ್ಟುಬಿಡುತ್ತೇವೆ. ಬ್ಯಾಡ್ಜು, ಪಟ್ಟೆ, ಹುಡ್ಡು, ಸ್ಪಾಯ್ಲರು ಎಲ್ಲ ಹೊಸದಾಗಿ ತಯಾರಾಗಿ ಅಂಗಡಿಯಲ್ಲಿ ಸಿಗುತ್ತವೆ. ಒಂದು ವಾರಾಂತ್ಯದಲ್ಲಿ ಷೆವೆಲ್ಲಿನ ಮಾಮೂಲು ರೂಪವಾದ ಸಾದಾ ಮ್ಯಾಲಿಬು ಎಸ್‌ಎಸ್, ಅಂದರೆ ದುಬಾರಿಯ ‘ಸೂಪರ್ ಸ್ಪೋರ್ಟ್’, ಆಗುತ್ತದೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ಸಾದಾ ಕಾರನ್ನು ಎಸ್‌ಎಸ್ ಥರ ಕಟ್ಟುವುದು ತಪ್ಪಲ್ಲ. ‘ಕ್ಲೋನ್’ ಅಂತಲೋ ‘ಟ್ರಿಬ್ಯೂಟ್’ ಅಂತಲೋ ಬರೆದು ಅದರ ಬೆಲೆಗೆ ಮಾರಿದರೆ ಅದು ಒಳ್ಳೆಯ ಕಾರು, ಸಂತೋಷವಾಗಿ ಓಡಿಸಿ. ನನ್ನ ಜಗಳ ಇರುವುದು ಆ ಪದ ಬಿಟ್ಟುಬಿಡುವವರ ಜೊತೆ.

ಈಗ ಪ್ರಶ್ನೆ: ಕಾರಿನ ಸಂಖ್ಯೆ ಓದಿದರೆ ಸಾಲದೇ? ಕಾರ್ಖಾನೆ ಪ್ರತಿ ಕಾರಿಗೂ ಕೊಡುವ ಗುರುತಿನ ಸಂಖ್ಯೆ, ವಿನ್ ನಂಬರ್, ಇರುವುದೇ ಅದಕ್ಕಲ್ಲವೇ? ಇಲ್ಲೇ ಜನ ಎಡವುವುದು. ಹದಿನೇಳು ಅಕ್ಷರದ ಏಕರೂಪದ ವಿನ್ ಬಂದದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಗೆ ಒಂದೊಂದು ಲಿಪಿ. ಕೆಲವು ಲಿಪಿ ಎಂಜಿನ್ ಯಾವುದು ಅಂತ ಹೇಳುತ್ತವೆ, ಕೆಲವು ಹೇಳುವುದೇ ಇಲ್ಲ. ನಕಲಿ ಹುಟ್ಟುವುದು ಹೇಳದೇ ಬಿಟ್ಟ ಜಾಗದಲ್ಲಿ. ಈ ಮಾತನ್ನು ಇವತ್ತು ಪದೇ ಪದೇ ಹೇಳುತ್ತೇನೆ, ಬೇಜಾರಾಗಬೇಡಿ.

ಯಾಕೆ ಹೇಳದೇ ಬಿಟ್ಟರು ಅನ್ನುವುದಕ್ಕೆ ಒಂದು ಕಥೆ ಇದೆ. ನನಗೆ ಬಹಳ ಇಷ್ಟವಾದ ಕಥೆ, ಸ್ವಲ್ಪ ಸಮಯ ಕೊಡಿ. 1963ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆಲ್ಲ ರೇಸಿಂಗ್ ನಿಲ್ಲಿಸಿ ಅಂದಿತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಇನ್ನೊಂದು ಕಟ್ಟಳೆಯೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್, ಜೊತೆಗೆ ಬಿಲ್ ಕಾಲಿನ್ಸ್ ಮತ್ತು ರಸೆಲ್ ಗೀ. ದೊಡ್ಡ ಪಾಂಟಿಯಾಕಿನ 389 ಕ್ಯೂಬಿಕ್ ಇಂಚಿನ ಎಂಜಿನ್ ಚಿಕ್ಕ ಟೆಂಪೆಸ್ಟಿನ ಒಳಗೆ ಸಲೀಸಾಗಿ ಕೂರುತ್ತದೆ ಅಂತ ಇವರಿಗೆ ಗೊತ್ತಾಯಿತು. ಹೊಸ ಮಾಡೆಲ್ ಅಂದರೆ ಮೇಲಿನವರ ಒಪ್ಪಿಗೆ ಬೇಕು. ಟೆಂಪೆಸ್ಟಿನದೇ ಮೇಲ್ದರ್ಜೆಯ ಲಮಾನ್ಸ್ ಕಾರಿಗೆ ಗಿರಾಕಿ ಹೆಚ್ಚುವರಿಯಾಗಿ ಆರಿಸಿಕೊಳ್ಳುವ ಒಂದು ‘ಆಪ್ಷನ್’ ಅಂದರೆ ಬೇಡ! ವಿಭಾಗದ ಮುಖ್ಯಸ್ಥ ಪೀಟ್ ಎಸ್ಟಿಸ್ ಹೂಂ ಅಂದರು. 1964ರ ಜಿಟಿಓ ಹುಟ್ಟಿದ್ದು ಹಾಗೆ. ಐದು ಸಾವಿರ ಹೋದರೆ ಹೆಚ್ಚು ಅಂದುಕೊಂಡಿದ್ದರು, ಆ ವರ್ಷವೇ 32,450 ಹೋಯಿತು.

ಇದರಲ್ಲಿ ನಮಗೆ ಬೇಕಾದ ಎಳೆ ಯಾವುದು? ಕಾಗದದ ಮೇಲೆ ಅದು ಜಿಟಿಓ ಅಲ್ಲ, ಲಮಾನ್ಸ್. 1964, 65ರ ಕಾರುಗಳ ವಿನ್ ನೋಡಿ ಇದು ಜಿಟಿಓ ಅಂತ ಯಾರೂ ಹೇಳಲಾರರು. 1966ರಲ್ಲಿ ಅದು ಸ್ವಂತ ಮಾಡೆಲ್ ಆಯಿತು, ಅಲ್ಲಿಂದ 1971ರವರೆಗೆ ವಿನ್ 242 ಅಂತ ಶುರುವಾಗಲೇಬೇಕು. 1972ರಲ್ಲಿ ಮತ್ತೆ ಆಪ್ಷನ್ ಆಯಿತು, ಮತ್ತೆ ಕತ್ತಲೆ. ಮೇಲಧಿಕಾರಿಗಳ ಕಣ್ಣು ತಪ್ಪಿಸಿದ ಜಾಣತನ ಇವತ್ತು ಕಳ್ಳನಿಗೆ ಬಾಗಿಲು ತೆರೆದಿಟ್ಟಿದೆ.

ಸುದೈವಕ್ಕೆ ಪಾಂಟಿಯಾಕಿನ ಹಳೆಯ ದಾಖಲೆ ಉಳಿದಿವೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ವಿನ್ ಕಳಿಸಿ ದುಡ್ಡು ಕಟ್ಟಿದರೆ ಆ ಕಾರಿನ ಮೂಲ ಬಿಲ್ಲಿನ ಪ್ರತಿ ಸಿಗುತ್ತದೆ. 1969ರ ‘ಜಡ್ಜ್’ ಕೊಳ್ಳುವವರು ಇದಿಲ್ಲದೆ ಕೈ ಹಾಕಲೇಬೇಡಿ. ಜಡ್ಜ್ ಕೂಡ ಆಪ್ಷನ್, ವಿನ್ ನೋಡಿದರೆ ಮಾಮೂಲು ಜಿಟಿಓ. ಫೋರ್ಡಿನವರಿಗೆ ಕಂಪನಿಯ ಉತ್ಪಾದನಾ ದಾಖಲೆಯಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ ಇದೆ, 1967ರಿಂದ ಈಚಿನದು. ಇವೇ ನೋಡಿ ತಾಯಿಪತ್ರ.

ಷೆವರ್ಲೆಗೆ? ಅಮೆರಿಕದಲ್ಲಿ ಮಾರಿದ ಷೆವರ್ಲೆಗಳಿಗೆ ಹಾಗೆ ಕಾರು ಕಾರಿನ ಆಪ್ಷನ್ ಪಟ್ಟಿ ಕೊಡುವ ಕಡತವೇ ಇಲ್ಲ. ಕೆನಡಾದಲ್ಲಿ ಮಾರಿದ್ದರೆ ಜಿಎಂ ಕೆನಡಾ ಕೊಡುತ್ತದೆ. ಜಾಹೀರಾತುಗಳಲ್ಲಿ ನಕಲಿ ಕಮಾರೋ, ನಕಲಿ ಷೆವೆಲ್ ತುಂಬಿರುವುದಕ್ಕೆ ಇದೇ ಕಾರಣ. ಅದಕ್ಕೇ ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತೇನೆ.

1969ರ ಕಮಾರೋ ತೆಗೆದುಕೊಳ್ಳಿ. ವಿನ್ 124379ಎನ್ ಅಂತ ಶುರುವಾದರೆ: 1 ಷೆವರ್ಲೆ, 24 ವಿ8 (ಎಂಟು ಸಿಲಿಂಡರಿನ) ಕಮಾರೋ, 37 ಎರಡು ಬಾಗಿಲಿನ ಕೂಪೆ, 9 ಅಂದರೆ 1969, ಎನ್ ಅಂದರೆ ಓಹಾಯೋದ ನಾರ್‌ವುಡ್ ಕಾರ್ಖಾನೆ. ಎಲ್ ಇದ್ದರೆ ಲಾಸ್ ಏಂಜಲೀಸಿನ ವ್ಯಾನ್ ನೈಸ್. ಮುಗಿಯಿತು. ಎಸ್‌ಎಸ್ ಅಂತ ಇಲ್ಲ, ಕಮಾರೋದ ಇನ್ನೊಂದು ದುಬಾರಿ ರೂಪ ಝೀ28 ಅಂತಲೂ ಇಲ್ಲ. ಆದರೆ ಮೂರನೇ ಅಂಕೆ 4ರ ಬದಲು 3 ಇದ್ದರೆ, ಅಂದರೆ 12337 ಅಂತಿದ್ದರೆ ಅದು ಆರು ಸಿಲಿಂಡರಿನ ಕಾರಾಗಿ ಹುಟ್ಟಿದ್ದು. ಅದರ ಗ್ರಿಲ್ ಮೇಲೆ ಎಸ್‌ಎಸ್ ಬ್ಯಾಡ್ಜ್ ಕಂಡರೆ ಆ ಪುಟ ಮುಚ್ಚಿ. ಹತ್ತು ಸೆಕೆಂಡಿನ ಕೆಲಸ.

ಷೆವೆಲ್ಲಿನಲ್ಲಿ 1966, 67, 68ರ ಎಸ್‌ಎಸ್396 (396 ಎಂಜಿನ್ನಿನ ಎಸ್‌ಎಸ್) ಆದರೆ ವಿನ್ 138 ಅಂತ ಶುರುವಾಗುತ್ತದೆ, ನಿಶ್ಚಿಂತೆ. 1969ರಿಂದ ಅದೂ ಆಪ್ಷನ್. ಎಲ್ಲರೂ ಬಾಯಿ ಬಿಡುವ, ಎಲ್‌ಎಸ್6 ಎಂಬ 454 ಎಂಜಿನ್ನಿನ 1970ರ ಕಾರು ಕೂಡ ವಿನ್‌ನಲ್ಲಿ ಬರೀ 136, ಮ್ಯಾಲಿಬು ವಿ8. ಹೇಳದೇ ಬಿಟ್ಟ ಜಾಗ, ನೋಡಿದಿರಾ?

ಮತ್ತೆ ಏನು ಮಾಡುವುದು? ಕಬ್ಬಿಣವನ್ನು ಕೇಳಬೇಕು. ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆ, ಹೆಡ್ ಕೂರುವ ಜಾಗದ ಮುಂದೆ ಸಮತಟ್ಟಾದ ಒಂದು ಚಿಕ್ಕ ಪಟ್ಟಿ ಇರುತ್ತದೆ. ಅದಕ್ಕೆ ‘ಪ್ಯಾಡ್’ ಅನ್ನುತ್ತಾರೆ. 1969ರ ಕಾರಲ್ಲಿ ಆಲ್ಟರ್ನೇಟರು ಅದನ್ನು ಮರೆ ಮಾಡುತ್ತದೆ, ಹಾಗಾಗಿ ಜಾಹೀರಾತಿನ ಫೋಟೋದಲ್ಲಿ ತಾನಾಗಿ ಕಾಣುವುದಿಲ್ಲ, ಕೇಳಿ ತರಿಸಬೇಕು. ಅದರ ಮೇಲೆ ಎರಡು ಗುದ್ದು, ಅಂದರೆ ಅಚ್ಚೊತ್ತಿದ ಸಂಖ್ಯೆ, ಇರಬೇಕು. ಒಂದು ಎಂಜಿನ್ ಕಾರ್ಖಾನೆಯದು: ವಿ0228ಡಿಝೀ ಅಂತಿದ್ದರೆ ಫ್ಲಿಂಟಿನಲ್ಲಿ ಫೆಬ್ರವರಿ 28ರಂದು ಜೋಡಿಸಿದ 302 ಎಂಜಿನ್, 1969ರ ಝೀ28ರದು. ವಿ ಬದಲು ಟಿ ಇದ್ದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಕಾರ್ಖಾನೆ. ಎರಡನೆಯದು ಕಾರು ಜೋಡಿಸಿದ ಕಾರ್ಖಾನೆಯದು: 19ಎನ್ ಮತ್ತು ವಿನ್‌ನ ಕೊನೆಯ ಆರು ಅಂಕೆ.

ಈಗ ಆ ಲೋಹವನ್ನೇ ಹತ್ತಿರದಿಂದ ನೋಡಿ. ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಬ್ರೋಚ್ ಯಂತ್ರ ಒಂದೇ ಎಳೆತಕ್ಕೆ ಕೊರೆಯುತ್ತಿತ್ತು. ಮುಂದಿನಿಂದ ಹಿಂದಕ್ಕೆ ಕೂದಲೆಳೆಯಷ್ಟು ಸಣ್ಣ, ನೇರ, ಸಮಾನಾಂತರ ಗೆರೆಗಳು ಉಳಿಯುತ್ತವೆ. ಅಕ್ಷರಗಳು ಆ ಗೆರೆಗಳ ಮೇಲೆ ಕೂತಿರಬೇಕು. ಬ್ಲಾಕಿನ ತಲೆಯನ್ನು ಮತ್ತೆ ಸವರಿಸಿದರೆ ತಿರುಗುವ ಕತ್ತರಿಯ ಕಮಾನಿನಂಥ ಗುರುತು ಬರುತ್ತದೆ, ಇಲ್ಲವೇ ಪ್ಯಾಡ್ ಬೋಳಾಗಿ ನುಣ್ಣಗಿರುತ್ತದೆ. ಬೋಳು ಪ್ಯಾಡಿನ ಮೇಲೆ ಗರಿಗರಿಯಾದ ಡಿಝೀ ಕಂಡರೆ ಅದು ಆಮೇಲೆ ಹೊಡೆದದ್ದು. ಎಮರಿ ಕಾಗದ ಎಳೆದು ಗೆರೆ ಹುಟ್ಟಿಸುವವರೂ ಇದ್ದಾರೆ, ಆದರೆ ಆ ಗೆರೆಗಳು ಅಕ್ಷರದ ಅಂಚನ್ನು ಉಜ್ಜಿಕೊಂಡು ಹೋಗಿರುತ್ತವೆ. ಇನ್ನೊಂದು ವಿಷಯ: ಎರಡು ಗುದ್ದು ಎರಡು ಊರಲ್ಲಿ ಎರಡು ಅಚ್ಚಿನಿಂದ ಬಿದ್ದದ್ದು. ಎರಡರ ಆಳ, ಅಕ್ಷರದ ಅಳತೆ, ಸಾಲು ಒಂದೇ ಥರ ಇದ್ದರೆ ಒಂದೇ ಕೈ ಕೆಲಸ ಮಾಡಿದೆ.

ಇಷ್ಟಕ್ಕೇ ಬಿಡಬೇಡಿ, ತಾರೀಕು ಹೊಂದಿಸಿ. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಕಡೆ, ಎರಕದ ತಾರೀಕು ಉಬ್ಬಿರುತ್ತದೆ. ಎ ಅಂದರೆ ಜನವರಿ, ಬಿ ಫೆಬ್ರವರಿ, ಹೀಗೆ. ‘ಬಿ 10 9’ ಅಂದರೆ 1969ರ ಫೆಬ್ರವರಿ 10. ಎಂಜಿನ್ನಿಗೂ ಸೀಟುಗಳಿಗೂ ನಡುವಿನ ಫೈರ್‌ವಾಲ್ ಮೇಲೆ ಟ್ರಿಮ್ ಟ್ಯಾಗ್ ಎಂಬ ಚಿಕ್ಕ ಫಲಕದಲ್ಲಿ ಬಾಡಿ ಕಟ್ಟಿದ ವಾರ ಇರುತ್ತದೆ: 03ಸಿ ಅಂದರೆ ಮಾರ್ಚಿನ ಮೂರನೇ ವಾರ. ಎರಕ ಮೊದಲು, ಜೋಡಣೆ ಆಮೇಲೆ, ಕಾರು ಕೊನೆಗೆ. ಎರಕದ ಮೇಲೆ ‘ಡಿ 5 9’ ಇದ್ದರೆ? ಏಪ್ರಿಲ್ 5. ಮಾರ್ಚಿನ ಕಾರಿನಲ್ಲಿ ಏಪ್ರಿಲಿನ ಎಂಜಿನ್! ಮಗ ಹುಟ್ಟುವ ಮೊದಲೇ ಮೊಮ್ಮಗನ ನಾಮಕರಣ.

ಅದೇ ಟ್ರಿಮ್ ಟ್ಯಾಗಿನಲ್ಲಿ ಇನ್ನೊಂದು ಸಹಾಯ ಇದೆ. ನಾರ್‌ವುಡ್ಡಿನಲ್ಲಿ 1968ರ ಡಿಸೆಂಬರ್ ಹೊತ್ತಿನಿಂದ ಕಟ್ಟಿದ 1969ರ ಕಮಾರೋಗಳಿಗೆ ಎಕ್ಸ್ ಕೋಡ್ ಹಾಕುತ್ತಿದ್ದರು. ಎಕ್ಸ್33, ಎಕ್ಸ್77 ಇದ್ದರೆ ಝೀ28. ಎಕ್ಸ್22, ಎಕ್ಸ್66 ಇದ್ದರೆ ಎಸ್‌ಎಸ್396. ಎಕ್ಸ್44 ಇದ್ದರೆ ಝೀ28 ಅಲ್ಲ, ಎಸ್‌ಎಸ್ ಅಲ್ಲ, ವಾದವೇ ಬೇಡ. ವ್ಯಾನ್ ನೈಸ್ ಕಾರಿಗೆ ಎಕ್ಸ್ ಕೋಡೇ ಇಲ್ಲ. ಎಲ್ ವಿನ್ ಇರುವ ಕಾರಿನ ಟ್ಯಾಗಿನಲ್ಲಿ ಎಕ್ಸ್33 ಕಂಡರೆ ಟ್ಯಾಗೇ ಸುಳ್ಳು. ಟ್ಯಾಗುಗಳನ್ನೂ ಹೊಸದಾಗಿ ಮಾಡಿಕೊಡುತ್ತಾರೆ, ಹಾಗಾಗಿ ರಿವೆಟ್ ನೋಡಿ, ಸುತ್ತಲಿನ ಪೇಂಟ್ ನೋಡಿ.

ಝೀ28ಕ್ಕೆ ಇನ್ನೂ ಸುಲಭದ ಪರೀಕ್ಷೆ ಇದೆ. 1969ರಲ್ಲಿ ಅದು ನಾಲ್ಕು ಗೇರಿನ ಮ್ಯಾನ್ಯುಯಲ್ ಮಾತ್ರ, ಮುಂದೆ ಡಿಸ್ಕ್ ಬ್ರೇಕ್ ಕಡ್ಡಾಯ, ಏಸಿ ಇಲ್ಲವೇ ಇಲ್ಲ. ‘ಒರಿಜಿನಲ್ ಝೀ28, ಫ್ಯಾಕ್ಟರಿ ಏಸಿ’ ಅಂತ ಬರೆದಿದ್ದರೆ ಮಾರುವವರೇ ಸತ್ಯ ಹೇಳಿಬಿಟ್ಟಿದ್ದಾರೆ. ಕಾರಿನ ಕೆಳಗಿನಿಂದ ತೆಗೆದ ಫೋಟೋ ಇದ್ದರೆ ಹಿಂದಿನ ಆಕ್ಸಲಿನ ಮುಚ್ಚಳದ ಬೋಲ್ಟ್ ಎಣಿಸಿ. ಝೀ28ಕ್ಕೂ 1970ರ ಷೆವೆಲ್ ಎಸ್‌ಎಸ್‌ಗೂ ಹನ್ನೆರಡು ಇರಬೇಕು. ಹತ್ತು ಇದ್ದರೆ ಯಾಕೆ ಅಂತ ಕೇಳಿ. ಹನ್ನೆರಡು ಇದ್ದ ಮಾತ್ರಕ್ಕೆ ಸಾಬೀತಾಗಲಿಲ್ಲ, ಆಕ್ಸಲ್ ಬದಲಿಸುವುದು ಕಷ್ಟವಲ್ಲ. ಇಂಥ ಗುರುತುಗಳು ಸುಳ್ಳನ್ನು ಹಿಡಿಯುತ್ತವೆ, ಸತ್ಯಕ್ಕೆ ಜಾಮೀನು ನಿಲ್ಲುವುದಿಲ್ಲ.

ಇನ್ನು ಕೋಪೋ, ಅಂದರೆ ವಿಶೇಷ ಆರ್ಡರಿನ ಕಮಾರೋ. ಕಮಾರೋಗೆ 400 ಕ್ಯೂಬಿಕ್ ಇಂಚಿನ ಮಿತಿ ಇತ್ತು. ಟ್ಯಾಕ್ಸಿ, ಪೊಲೀಸ್ ಗಾಡಿಗಳ ವಿಶೇಷ ಆರ್ಡರಿಗೆ ಇದ್ದ ‘ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್’ ಎಂಬ ಕಿಟಕಿಯಿಂದ ಡಾನ್ ಯೆಂಕೋ ಥರದ ಡೀಲರುಗಳು 427 ಹಾಕಿಸಿಕೊಂಡರು. ಮತ್ತೆ ಅದೇ ಕಥೆ: ಕಟ್ಟಳೆ ತಪ್ಪಿಸಿದ ಕಾರು, ವಿನ್‌ನಲ್ಲಿ ಗುರುತಿಲ್ಲ. 9560 ಸಂಖ್ಯೆಯ ಆರ್ಡರಿನ, ಝೀಎಲ್1 ಎಂಬ ಅಲ್ಯೂಮಿನಿಯಂ ಎಂಜಿನ್ನಿನ ಕಾರುಗಳು ಒಟ್ಟು 69. ಇಲಿನಾಯ್ಸಿನ ಲಾ ಹಾರ್ಪಿನ ಡೀಲರ್ ಫ್ರೆಡ್ ಗಿಬ್ ಐವತ್ತು ತರಿಸಿ, ಬೆಲೆ ಕೇಳಿ ಗಿರಾಕಿ ಬಾರದೆ ಹಲವನ್ನು ವಾಪಸ್ ಕಳಿಸಬೇಕಾಯಿತು. 9561 ಕಬ್ಬಿಣದ 427. ಕಾರ್ಖಾನೆಯಿಂದ ಬಂದ ಕೋಪೋ ಮೇಲೆ ಎಸ್‌ಎಸ್ ಬ್ಯಾಡ್ಜೂ ಇಲ್ಲ, 427 ಬ್ಯಾಡ್ಜೂ ಇಲ್ಲ. ನಕಲಿ ಮಾಡುವವನಿಗೆ ಬ್ಯಾಡ್ಜಿನ ಖರ್ಚೂ ಉಳಿಯಿತು. 9561ರ ಪ್ಯಾಡಿನಲ್ಲಿ ಮ್ಯಾನ್ಯುಯಲ್‌ಗೆ ಎಂಎನ್, ಆಟೋಮ್ಯಾಟಿಕ್‌ಗೆ ಎಂಓ; ಆಕ್ಸಲಿಗೆ ಬಿಇ. ಕಾಗದ, ಪ್ಯಾಡ್, ಆಕ್ಸಲ್ ಮೂರೂ ಒಂದೇ ಮಾತು ಹೇಳದಿದ್ದರೆ ಸಾದಾ ಕಮಾರೋ ಬೆಲೆಗೆ ಕೇಳಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತ. ಕ್ರೈಸ್ಲರಿಗೆ ಓಡುತ್ತೇನೆ.

ಕ್ರೈಸ್ಲರ್ ವಿನ್ ಬಾಯಿ ಬಿಡುತ್ತದೆ. 1970ರ ಪ್ಲಿಮತ್ ಹೆಮಿ ಕುಡಾ (ಹೆಮಿ ಎಂಬ ದೊಡ್ಡ ಎಂಜಿನ್ನಿನ ಬ್ಯಾರಕುಡಾ) ಆದರೆ ಬಿಎಸ್23ಆರ್0ಬಿ: ಐದನೇ ಜಾಗದ ಆರ್ ಅಂದರೆ 426 ಹೆಮಿ, ವಿ ಅಂದರೆ ಮೂರು ಕಾರ್ಬ್ಯುರೇಟರಿನ 440, ಯು ಸಾದಾ 440, ಎನ್ 383. ಬಿಎಚ್23ಜಿ ಅಂತಿದ್ದರೆ ಅದು 318ರ ಸಾದಾ ಬ್ಯಾರಕುಡಾ, ಒಳಗೆ ಇವತ್ತು ಹೆಮಿಯೇ ಕೂತಿದ್ದರೂ ಅಷ್ಟೇ. 1969ರ ಡಾಜ್ ಚಾರ್ಜರ್ ಎಕ್ಸ್‌ಪಿ29 ಆದರೆ ದುಬಾರಿ ರೂಪವಾದ ಆರ್/ಟಿ ಅಲ್ಲ, ಆರ್/ಟಿಗೆ ಎಕ್ಸ್‌ಎಸ್29 ಬೇಕು. ಹೀಗೆ ಸಂಖ್ಯೆಯೇ ಮಾತಾಡುವುದರಿಂದ ಇಲ್ಲಿನ ಮೋಸ ಬೇರೆ ಥರದ್ದು: ತುಕ್ಕು ತಿಂದ ಅಸಲಿ ಕಾರಿನ ವಿನ್ ಫಲಕ ಕಿತ್ತು ಗಟ್ಟಿಯಾದ ಸಾದಾ ಕಾರಿನ ಬಾಡಿಯ ಮೇಲೆ ಕೂರಿಸುವುದು. ಇದು ಸಂಯುಕ್ತ ಸರ್ಕಾರದ ಕಾನೂನಿನಲ್ಲೇ ಅಪರಾಧ. 2014ರಲ್ಲಿ ಒಂದು 1971ರ ಹೆಮಿ ಕುಡಾ ಕನ್ವರ್ಟಿಬಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಆಸೆ ಯಾಕೆ ಹುಟ್ಟುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಡ್ಯಾಶ್ ಮೇಲಿನ ಫಲಕ ಒಂದೇ ಸಾಲದು, ರೇಡಿಯೇಟರ್ ಸಪೋರ್ಟ್ ಮೇಲೂ ಕೌಲ್ (ಮುಂದಿನ ಗಾಜಿನ ಕೆಳಗಿನ ಭಾಗ) ಮೇಲೂ ಬಾಡಿಯ ತಗಡಿನಲ್ಲೇ ಗುದ್ದಿದ ಸಂಖ್ಯೆಯ ಫೋಟೋ ತರಿಸಿ. ಫೆಂಡರ್ ಟ್ಯಾಗಿನಲ್ಲಿ ಇ74 ಇದ್ದರೆ ಹೆಮಿ. ಕಾರು ಕಟ್ಟುವಾಗ ಕಾರ್ಖಾನೆಯಲ್ಲಿ ಬಳಸಿದ ಕಾಗದ, ಬಿಲ್ಡ್ ಶೀಟ್, ಎಷ್ಟೋ ಸಲ ಹಿಂದಿನ ಸೀಟಿನ ಸ್ಪ್ರಿಂಗಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಫೋರ್ಡ್: ವಿನ್‌ನ ಐದನೇ ಅಕ್ಷರ ಎಂಜಿನ್ ಯಾವುದು ಅಂತ ಹೇಳುತ್ತದೆ. 1969ರ ಮಸ್ಟಾಂಗ್‌ನಲ್ಲಿ ಜಿ ಅಂದರೆ ಬಾಸ್ 302, ಝೀ ಅಂದರೆ ಬಾಸ್ 429, ಆರ್ ಅಂದರೆ ರಾಮ್ ಏರ್ ಇರುವ 428 ಕೋಬ್ರಾ ಜೆಟ್. ಓಲ್ಡ್ಸ್‌ಮೊಬೈಲ್ 442: 1968ರಿಂದ 71ರವರೆಗೆ ವಿನ್ 344 ಅಂತ ಶುರು. ಬ್ಯುಯಿಕ್ ಜಿಎಸ್‌ಎಕ್ಸ್ 1970ರಲ್ಲಿ ಒಟ್ಟು 678, ಹಳದಿ ಇಲ್ಲವೇ ಬಿಳಿ, ಎರಡೇ ಬಣ್ಣ. ಶೆಲ್ಬಿ ಬಗ್ಗೆ ಹೇಳಬೇಕೆಂದಿದ್ದೆ, ಆಗುವುದಿಲ್ಲ.

ಕೊನೆಗೆ ಜಾಹೀರಾತಿನ ಭಾಷೆ. ‘ನಂಬರ್ಸ್ ಮ್ಯಾಚಿಂಗ್’ ಅಂದರೆ ಯಾವ ನಂಬರು ಯಾವುದಕ್ಕೆ ಅಂತ ಬರೆಸಿಕೊಳ್ಳಿ. ‘ಡೇಟ್ ಕರೆಕ್ಟ್’ ಅಂದರೆ ಈ ಕಾರಿನ ಜೊತೆ ಹುಟ್ಟಿದ ಎಂಜಿನ್ ಅಲ್ಲ, ಅದೇ ಕಾಲದ ಬೇರೆ ಎಂಜಿನ್ ಅಂತಲೇ ಓದಿ. ಸಿಇ ಅಂತ ಶುರುವಾಗುವ ಗುದ್ದು ವಾರಂಟಿಯಲ್ಲಿ ಬದಲಿಸಿದ ಎಂಜಿನ್ನಿನದು, ಅದರಲ್ಲಿ ಮೋಸವಿಲ್ಲ. ಮಾರುವವರಿಗೆ ಹೀಗೆ ಬರೆಯಿರಿ: ವಿನ್ ಫಲಕ ರಿವೆಟ್ ಸಮೇತ, ಟ್ರಿಮ್ ಟ್ಯಾಗ್, ಒರೆಸಿದ ಪ್ಯಾಡ್, ಎರಕದ ತಾರೀಕು, ಟೈಟಲ್ (ಮಾಲೀಕತ್ವದ ಪತ್ರ), ಐದು ಫೋಟೋ. ಪ್ಯಾಡನ್ನು ಬಟ್ಟೆ, ಸಾಲ್ವೆಂಟಿನಿಂದ ಮಾತ್ರ ಒರೆಸಲಿ, ತಂತಿ ಬ್ರಶ್ ಬೇಡ, ಗೆರೆ ಹೋಗಿಬಿಡುತ್ತದೆ. ‘ಈಗಾಗಲೇ ಮೂರು ಜನ ಕೇಳುತ್ತಿದ್ದಾರೆ, ಮೊದಲು ಅಡ್ವಾನ್ಸ್ ಹಾಕಿ’ ಅಂತ ಉತ್ತರ ಬಂದರೆ ಆ ಮೂರು ಜನಕ್ಕೇ ಬಿಟ್ಟುಕೊಡಿ.

ಪರದೆಯ ಮೇಲೆ ಈಗ ಎರಡು ಪ್ಯಾಡ್ ಹಾಕಿದ್ದೇನೆ, ಎರಡರಲ್ಲೂ ಡಿಝೀ ಇದೆ. ಮುಂದೆ ಬಂದು ನೋಡಿ, ಗೆರೆ ಯಾವುದರಲ್ಲಿ ನೇರ ಇದೆ, ಯಾವುದರಲ್ಲಿ ಬಾಗಿದೆ ಹೇಳಿ.