ಇಳಿದಾಯಿತು, ಕಾಲು ತೆಗೆಯಬೇಡಿ

ಕೇಳುಗರಿಗೆ ನಮಸ್ಕಾರ.

ಜುಹು ಏರೋಡ್ರೋಮ್ ಅಂದರೆ ಮುಂಬೈಯ ನಮ್ಮವರಲ್ಲಿ ಎಷ್ಟೋ ಮಂದಿಗೆ ಹೆಲಿಕಾಪ್ಟರಿನ ಸದ್ದು, ಅಷ್ಟೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯ ಟಪಾಲು ಹೊತ್ತ ಪುಸ್ ಮಾತ್ ವಿಮಾನವನ್ನು ಇಳಿಸಿದ್ದು ಅಲ್ಲೇ. ಟಪಾಲು ಅಲ್ಲಿಂದ ಬಳ್ಳಾರಿ ಮೇಲೆ ಮದರಾಸಿಗೆ ಹೋಯಿತು. ಬಳ್ಳಾರಿಯ ಹೆಸರು ಬಂದಾಗಲೆಲ್ಲ ನಾನು ಸ್ವಲ್ಪ ಬೀಗುವುದುಂಟು.

ಆ ಪುಸ್ ಮಾತ್, ಆಮೇಲೆ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್, ಎರಡೂ ಬಾಲ ನೆಲಕ್ಕೂರಿ ಓಡುವ ಜಾತಿ. ಆಕಾಶದಲ್ಲಿ ಸಾಧು, ನೆಲದಲ್ಲಿ ತಂಟೆ. ಕಾರಣ ಬೇಕಾದರೆ ಮಾಲ್‌ನಲ್ಲಿ ಸಾಮಾನು ಹಾಕುವ ಟ್ರಾಲಿ ನೋಡಿ. ಮುಂದಕ್ಕೆ ನೂಕಿದರೆ ನೆಟ್ಟಗೆ ಹೋಗುತ್ತದೆ. ಅದನ್ನೇ ಹಿಂದುಮುಂದು ಮಾಡಿ ಜೋರಾಗಿ ನೂಕಿ ಕೈಬಿಟ್ಟರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಗಿರ್ರನೆ ತಿರುಗುತ್ತದೆ. (ನನ್ನ ಮೊಮ್ಮಗಳು ಮಾಡಿ ನೋಡಿ ಕಾವಲುಗಾರನಿಂದ ಬೈಸಿಕೊಂಡಳು.) ಹಾಗೆ ನೂಕಿದಾಗ ಟ್ರಾಲಿಯ ಅತ್ತಿತ್ತ ತಿರುಗದ ಗಾಲಿಗಳು ಮುಂದೆ, ಭಾರ ಹಿಂದೆ. ಬಾಲಗಾಲಿಯ ವಿಮಾನದ ಭಾರವೂ ಹಾಗೇ ಮುಂದಿನ ದೊಡ್ಡ ಗಾಲಿಗಳ ಹಿಂದಿರುತ್ತದೆ. ಮೂತಿ ಒಂದು ಕಡೆ ತಿರುಗಿತೋ, ಹಿಂದಿನ ಭಾರ ಮುಂದೆ ಬರಲು ಹವಣಿಸುತ್ತದೆ. ವಿಮಾನ ಹೀಗೆ ನೆಲದ ಮೇಲೇ ಗಿರ್ರನೆ ತಿರುಗುವುದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ.

ಇಳಿದ ಮೇಲೆ ಇದು ಹೆಚ್ಚು. ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು ಬಾಲದ ರಡ್ಡರ್ ಎಂಬ ಹಲಗೆ; ಅದನ್ನು ಕಾಲಿನ ಪೆಡಲ್‌ಗಳಿಂದ ಆಡಿಸುತ್ತೇವೆ. ಅದು ಕೆಲಸ ಮಾಡುವುದು ಗಾಳಿಯ ಬಲದಿಂದ. ವೇಗ ಇಳಿದಂತೆ ಅದು ಸೋಲುತ್ತದೆ. ಸಾಲದ್ದಕ್ಕೆ ಜುಹುವಿನ ಮಧ್ಯಾಹ್ನದ ಕಡಲ ಗಾಳಿ. ಎದುರುಗಾಳಿಗೆ ಇಳಿದವನು ರನ್‌ವೇ ಬಿಟ್ಟು ತಿರುಗಿದೊಡನೆ ಅದೇ ಗಾಳಿ ಅಡ್ಡ ಹೊಡೆದು ಬಾಲವನ್ನು ನೂಕುತ್ತದೆ.

ಹಾರಾಟ ಕಲಿಯುವಾಗ ನನಗೂ ಒಮ್ಮೆ ಆಯಿತು. ಚೆನ್ನಾಗಿ ಇಳಿಸಿದೆನೆಂಬ ಖುಷಿ, ಮನಸ್ಸು ಆಗಲೇ ಮಾಟುಂಗದ ಇಡ್ಲಿಯ ಕಡೆ. ಓಟ ಪೂರ್ತಿ ತಗ್ಗುವ ಮೊದಲೇ ಎಡಕ್ಕೆ ತಿರುಗಿಸಿದೆ. ಗಾಳಿ ಬಲಗಡೆಯಿಂದ. ವಿಮಾನ ನಡೆಸುವ ಕೈಕೋಲನ್ನು ಬಲಕ್ಕೆ ವಾಲಿಸಿ ಹಿಂದಕ್ಕೆ ಹಿಡಿದಿರಬೇಕಿತ್ತು, ಸಡಿಲ ಬಿಟ್ಟಿದ್ದೆ. ಎದುರಿದ್ದ ಹ್ಯಾಂಗರು ಎಡಕ್ಕೆ ಜಾರಿತು. ಎಡ ಪೆಡಲ್ ಒತ್ತಿದೆ, ಸತ್ತ ಪೆಡಲ್. ಬ್ರೇಕ್ ನೆನಪಾಗುವಷ್ಟರಲ್ಲಿ ತೆಂಗಿನ ಸಾಲು ಸರಿದು, ಕಣ್ಣೆದುರಿಗೆ ನಾನು ಬಿಟ್ಟು ಬಂದ ರನ್‌ವೇ!

ನಮ್ಮ ಗುರುಗಳು ಧಾರವಾಡದವರು. ನಡೆದು ಬಂದರು, ಎಡ ರೆಕ್ಕೆಯ ತುದಿಗೆ ಹತ್ತಿದ್ದ ಹುಲ್ಲಿನ ಹಸಿರನ್ನು ಬೆರಳಿಂದ ಮುಟ್ಟಿದರು.

"ಏನೋ ತಮ್ಮಾ, ಇಳಿದು ಮುಗೀತೇನು?"

ಎಂಜಿನ್ ಇನ್ನೂ ಓಡುತ್ತಿತ್ತು. ನಿಲ್ಲಿಸಿದೆ. ಅವರು ನನ್ನ ಕೈಗೊಂದು ಬಟ್ಟೆಚಿಂದಿ ಕೊಟ್ಟು ಹೊರಟೇಹೋದರು. ಹಸಿರು ಹೋಗಲು ಅರ್ಧ ತಾಸು ಬೇಕಾಯಿತು.